ಗೋವೆಯ ಇಗರ್ಜಿಯಲ್ಲಿ ಗುರುಶಾಂತಪ್ಪನ ಎಡಗೈ

ಯಲವಿಗಿ

ಪರದೇಶಕ್ಕೆ ಹೋಗಿ ಬಂದೆ ಎಂದರೆ ನಮ್ಮ ಶಿಗ್ಗಾವಿಯ ಜನ, ಹಡಗು ಎಲ್ಲಿ ಹತ್ತಿದಿರಿ ಎಂದು ಕೇಳುತ್ತಾರೆ. ನಾನು ಹಡಗು ಹತ್ತಲಿಲ್ಲ. ಯಲವಿಗಿಯಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ, ಘಟ್ಟ ಇಳಿದೆ. ಇಳಿದಲ್ಲಿ ಬೇರೆ ಬಾವುಟ, ಬೇರೆ ನಾಣ್ಯ, ಬೇರೆ ಭಾಷೆಯಲ್ಲಿ ಬೈಯುವ ಪೊಲೀಸರು. ಗೋವೆ ನಮ್ಮ ಮಗ್ಗುಲಲ್ಲೇ ಇದ್ದರೂ ಪೋರ್ತುಗೀಜರದು, ಆದ್ದರಿಂದ ಪರದೇಶವೇ. ಈಗಿನ ಈ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಚಳಿಗಾಲದ ಮಾತು ಇದು.

ಊರು ನೋಡಬೇಕೆಂದು ನಾನು ಹೋದದ್ದಲ್ಲ. ಗುರುಶಾಂತಪ್ಪನನ್ನು ಕರೆದುಕೊಂಡು ಹೋದೆ. ಹಾನಗಲ್ಲಿನ ಗುರುಶಾಂತಪ್ಪ ನನ್ನ ಬಾಲ್ಯದ ಗೆಳೆಯ. ನಾನು ಟ್ರೇನಿಂಗ್ ಮುಗಿಸಿ ಮಾಸ್ತರನಾಗಿ ಶಾಲೆ ಸೇರಿದೆ. ಗಂಟೆ ಹೊಡೆದಾಗ ಏಳುವುದು, ಗಂಟೆ ಹೊಡೆದಾಗ ಉಣ್ಣುವುದು ನನ್ನ ಬಾಳಾಯಿತು. ಅವನು ನಾಟಕ ಕಂಪನಿ ಸೇರಿದ. ಅವನು ಏಳುವ ಹೊತ್ತಿಗೆ ನನ್ನ ಶಾಲೆ ಬಿಡುತ್ತಿತ್ತು. ಕಂಪನಿಯಲ್ಲಿ ಅವನು ಕಾಲಪೇಟಿಯ ಮಾಸ್ತರ. ಕಾಲಪೇಟಿ ಎಂದರೆ ಕಾಲಿನಿಂದ ಗಾಳಿ ತುಂಬುವ ಎತ್ತರದ ಹಾರ್ಮೋನಿಯಂ. ಎರಡೂ ಕೈ ಮನೆಗಳ, ಎಂದರೆ ಸುರಕ್ಕೆ ಒತ್ತುವ ಪಟ್ಟಿಗಳ, ಮೇಲೆಯೇ ಇರುತ್ತವೆ. ಅವನ ಬಲಗೈ ಓಡುವುದನ್ನು ನೋಡಲಿಕ್ಕೆಂದೇ ಸವಣೂರಿನಿಂದ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಿದ್ದರು.

ಹಿರೇಕೆರೂರಿನ ಕ್ಯಾಂಪಿನಲ್ಲಿ ಆ ಬಲಗೈಗೆ ಲಕ್ವಾ ಹೊಡೆಯಿತು. ಕಾಲು ನಿಧಾನಕ್ಕೆ ಸರಿಹೋಯಿತು, ಮಾತೂ ಬಂತು. ಕೈ ಮಾತ್ರ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು. ಮನೆಯಲ್ಲಿದ್ದ ಪೇಟಿಯನ್ನು ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದ; ಅದರ ಮೇಲೆ ಜೋಳದ ಚೀಲ ಬಂದು ಕೂತಿತು. ಅವನ ಹೆಂಡತಿ ನೀಲವ್ವ ಒಂದು ದಿನ ನನಗೆ ಹೇಳಿದಳು:

"ಅಣ್ಣಾರ, ಹೆಂಗರ ಮಾಡಿ ಅವರನ್ನ ಪೇಟಿ ಮುಂದ ಕುಂದರಸ್ರಿ. ಬಾರಸಲಿಕ್ಕರ ಬ್ಯಾಡ, ಕುಂದರ್ಲಿ. ಮನಿಯೊಳಗ ಉಪ್ಪು ಬೇಕು ಅಂತನೂ ಕೇಳೂದಿಲ್ಲ. ಉಪ್ಪಿಲ್ಲದ್ದ ಉಂಡು ಎದ್ದು ಹೋಗ್ತಾರ."

ಆಗ ನೆನಪಾದವರು ಇನಾಸರು. ಗೋವೆಯ ಕಿರಿಸ್ತಾನರು, ಹರೆಯದಲ್ಲಿ ಹುಬ್ಬಳ್ಳಿಯಲ್ಲಿದ್ದು ಗುರುಶಾಂತಪ್ಪನ ಕಂಪನಿಯಲ್ಲಿ ಪಿಟೀಲು ಬಾರಿಸಿದವರು. ಈಗ ತಮ್ಮೂರಿನ ಇಗರ್ಜಿಯಲ್ಲಿ, ಎಂದರೆ ಚರ್ಚಿನಲ್ಲಿ, ಆರ್ಗನ್ ವಾದ್ಯ ನುಡಿಸುತ್ತಿದ್ದರು. ಸುದ್ದಿ ತಿಳಿದು, ಹುಬ್ಬಳ್ಳಿಯ ರೈಲ್ವೆಯವರೊಬ್ಬರ ಕೈಯಲ್ಲಿ ಹೇಳಿ ಕಳಿಸಿದ್ದರು: ನಮ್ಮ ಸಂಗೀತದಲ್ಲಿ ಎಡಗೈಗೆ ಬೇರೆ ಕೆಲಸ ಇದೆ, ಕರೆದುಕೊಂಡು ಬನ್ನಿ.

ಯಲವಿಗಿಯ ಸ್ಟೇಷನ್ನಿನಲ್ಲಿ ನಾನು ಯಾವಾಗಲೂ ಗಾಡಿಗೆ ಬಹಳ ಮುಂಚೆ ಹೋಗಿ ಕೂಡುವವನು. ಗುರುಶಾಂತಪ್ಪ ಕಂಬಳಿ ಹೊದ್ದು ಗೊಣಗಿದ.

"ಏ ಮಾಸ್ತರಾ, ಗಾಡಿ ಇನ್ನೂ ಹರಿಹರ ಬಿಟ್ಟಿಲ್ಲ. ಸ್ಟೇಷನ್ ಮಾಸ್ತರ ಇನ್ನೂ ಮಕ ತೊಳದಿಲ್ಲ. ನೀ ಮಾತ್ರ ಹಾಜರಿ ಹೇಳಾಕ ಬಂದು ನಿಂತಿ."

ಅನೇಕ ತಿಂಗಳಿಂದ ಅವನ ಬಾಯಿಂದ ಇಷ್ಟು ಉದ್ದ ಮಾತು ಬಂದಿರಲಿಲ್ಲ. ಬೈಗುಳವಾದರೂ ಆಗಲಿ ಎಂದು ಸುಮ್ಮನಿದ್ದೆ.

ಗಡಿಯ ಕಟ್ಟೆ

ಘಟ್ಟದ ಮೇಲೆ ಒಮ್ಮೆ ಇಂಗ್ರೇಜಿ ಜಕಾತಿಯವರು ಗಂಟು ಬಿಚ್ಚಿದರು, ಕೆಳಗೆ ಕೊಳ್ಳೆಂನಲ್ಲಿ ಮತ್ತೆ ಪೋರ್ತುಗೀಜರು ಬಿಚ್ಚಿದರು. ನಡುವೆ ಹಾಲು ಚೆಲ್ಲಿದ ಹಾಗೆ ಒಂದು ದೊಡ್ಡ ಧಬಧಬೆ ಇತ್ತು. ಗಾಡಿಯಲ್ಲಿದ್ದವರೆಲ್ಲ ಆ ಕಡೆಯ ಕಿಟಕಿಗೆ ಮುಗಿಬಿದ್ದರು. ಗುರುಶಾಂತಪ್ಪ ಈ ಕಡೆಯ ಬಂಡೆಗಳನ್ನು ನೋಡುತ್ತ ಕೂತಿದ್ದ.

ಕೊಳ್ಳೆಂನ ಅಧಿಕಾರಿ ಸಣ್ಣ ಮೀಸೆಯ ಮನುಷ್ಯ. ನೀಲವ್ವ ಕಟ್ಟಿಕೊಟ್ಟ ಕಟಕ ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿ, ಇದು ಏನು ಎಂದು ಸಹಾಯಕನನ್ನು ಕೇಳಿದ. ತಿನ್ನುವುದು ಎಂದರೆ ನಂಬಲಿಲ್ಲ. ಆಮೇಲೆ ಡಬ್ಬಿಯಲ್ಲಿದ್ದ ಕೆಂಪು ಚಟ್ನಿಪುಡಿ ಕಂಡಿತು. ಮದ್ದಿನ ಪುಡಿಯೆಂದು ತಿಳಿದನೋ ಏನೋ, ಮೂಗಿನ ಹತ್ತಿರ ಒಯ್ದು ಜೋರಾಗಿ ಉಸಿರೆಳೆದ. ಬ್ಯಾಡಗಿ ಮೆಣಸಿನಕಾಯಿಯನ್ನು ಹಾಗೆ ಎಳೆಯಬಾರದು. ಸೀನು ನಿಲ್ಲುವವರೆಗೆ ಸಾಲೆಲ್ಲ ನಿಂತಿತು. ಕಣ್ಣೊರೆಸಿಕೊಳ್ಳುತ್ತಲೇ ನಮಗೆ ಹೋಗಿ ಎಂದು ಕೈ ಬೀಸಿದ. ಹಿಂದಿನವರ ಗಂಟುಗಳನ್ನು ಅವನು ಬಿಚ್ಚಿ ನೋಡಲೇ ಇಲ್ಲ.

ಮೇಸ್ತ್ರಿಯ ಮನೆ

ಮಡಗಾಂವಿನಲ್ಲಿ ಇಳಿದು ಕುದುರೆಗಾಡಿಯವನಿಗೆ ಊರಿನ ಹೆಸರು ಹೇಳಿ, ಇನಾಸ್ ಎಂಬವರ ಮನೆ ಎಂದೆ. ಅವನು ತಕ್ಷಣ, "ಮೇಸ್ತ್ರಿಯ ಮನೆಯೇ?" ಎಂದ. ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ. ದಾರಿಯಲ್ಲಿ ಕೇಳಿದವರೆಲ್ಲ ಮೇಸ್ತ್ರಿ, ಮೇಸ್ತ್ರಿ ಎಂದೇ ದಾರಿ ತೋರಿಸಿದರು. ಗುರುಶಾಂತಪ್ಪನ ಮುಖ ಕಪ್ಪಾಯಿತು.

"ಪಿಟೀಲು ಬಿಟ್ಟು ಗೌಂಡಿ ಆಗ್ಯಾನೇನು ಇಂವ? ನನ್ನ ಎಡಗೈಗೆ ಬೇರೆ ಕೆಲಸ ಐತಿ ಅಂದದ್ದು ಇದ ಇರಬೇಕು. ಕರಣಿ ಹಿಡಸ್ತಾನ."

ಪೋರ್ತುಗೀಜರ ಭಾಷೆಯಲ್ಲಿ ಆ ಮಾತಿಗೆ ಗುರು, ಮಾಸ್ತರ ಎಂದು ಅರ್ಥವಂತೆ. ಗೋವೆಯಲ್ಲಿ ಇಗರ್ಜಿಯ ಸಂಗೀತ ಕಲಿಸುವವರನ್ನು ಹಾಗೆ ಕರೆಯುತ್ತಾರೆ. ಅದೇ ಮಾತು ಘಟ್ಟ ಹತ್ತಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಗೋಡೆ ಕಟ್ಟುವವರ ಪಾಲಾಗಿದೆ. ಇನಾಸರು ಇದನ್ನು ಕೇಳಿ ಬಹಳ ಹೊತ್ತು ನಕ್ಕರು. ತೆಳ್ಳನೆಯ ಎತ್ತರದ ಮನುಷ್ಯ, ತಲೆ ಪೂರಾ ಬೆಳ್ಳಗಾಗಿತ್ತು. ಹುಬ್ಬಳ್ಳಿಯ ಕನ್ನಡ ಇನ್ನೂ ನಾಲಿಗೆಯ ಮೇಲಿತ್ತು, ನಡುನಡುವೆ ಮರಾಠಿ ಸೇರಿಸುತ್ತಿದ್ದರು.

"ಬರ್ರಿ ಪೇಟಿ ಮಾಸ್ತರ್, ಬರ್ರಿ ಹೆಡ್‌ಮಾಸ್ತರ್, ಕುಂದರ್ರಿ. ನಾನೂ ಗೌಂಡಿನ. ಸುರದ ಗ್ವಾಡಿ ಕಟ್ತೇನಿ."

ಅವರ ಮಡದಿ ನಮಗಾಗಿ ಮೀನು ಬೇಯದ ಹೊಸ ಮಡಕೆಯಲ್ಲಿ ಅನ್ನ ಮಾಡಿದ್ದರು. ಹೊಸ ಮಡಕೆ ಎಂಬುದನ್ನು ತೋರಿಸಲು ಅದನ್ನೇ ಎತ್ತಿ ತಂದು ನಮ್ಮ ಮುಂದೆ ಇಟ್ಟರು. ನಮ್ಮ ಕಡೆ ಬೇರೆ ಮತದವರು ಬಂದರೆ ಇಷ್ಟು ವಿಚಾರ ಮಾಡಿ ಅಡಿಗೆ ಮಾಡುವ ಮನೆ ನನಗೆ ಹೆಚ್ಚು ಗೊತ್ತಿಲ್ಲ.

ಊಟವಾದ ಮೇಲೆ ಇನಾಸರು ಗುರುಶಾಂತಪ್ಪನ ಎಡಗೈ ಹಿಡಿದು ಒಂದೊಂದೇ ಬೆರಳು ಮಡಚಿ, ಬಿಡಿಸಿ ನೋಡಿದರು. ಬಲಗೈಯನ್ನು ನೋಡಲಿಲ್ಲ. ಅದನ್ನು ಗುರುಶಾಂತಪ್ಪ ಗಮನಿಸಿದ. ಶಲ್ಯದ ಸೆರಗಿನಿಂದ ಅದನ್ನು ಮುಚ್ಚಿಕೊಂಡ.

"ಈ ಕೈಲೆ ಮೊದಲಿನಂಗ ತಾನ ಬರ್ತಾವೇನು?" ಎಂದು ಕೇಳಿದ.

"ತಾನ ಬ್ಯಾಡ. ನಾಳೆ ಇಗರ್ಜಿಗೆ ಬರ್ರಿ, ಒಂದು ಹಳೇ ಚೀಜು ಕೇಳಸ್ತೇನಿ," ಎಂದರು ಇನಾಸರು.

ಇಗರ್ಜಿ

ಬಾಗಿಲಲ್ಲಿ ನಾವು ರೂಢಿಯಂತೆ ಚಪ್ಪಲಿ ಬಿಟ್ಟೆವು, ರುಮಾಲು ತಲೆಯ ಮೇಲಿಟ್ಟುಕೊಂಡೇ ಒಳಗೆ ಹೋದೆವು. ಮೇಣಬತ್ತಿ ಒರೆಸುತ್ತಿದ್ದ ಮುದುಕ ಗಾಬರಿಯಿಂದ ಓಡಿ ಬಂದು, ತಲೆಯದನ್ನು ತೆಗೆಯಿರಿ, ಕಾಲಿನದನ್ನು ಹಾಕಿಕೊಳ್ಳಿ ಎಂದು ಸನ್ನೆ ಮಾಡಿದ. ದೇವರ ಮುಂದೆ ಬರಿದಾಗಿ ನಿಲ್ಲಬೇಕೆಂಬ ವಿಚಾರ ಎರಡೂ ಕಡೆ ಒಂದೇ. ಯಾವ ತುದಿಯಲ್ಲಿ ಬರಿದಾಗಬೇಕೆಂಬುದರಲ್ಲಿ ವ್ಯತ್ಯಾಸ. ಬರಿ ತಲೆಯಲ್ಲಿ, ಚಪ್ಪಲಿ ಟಪಟಪ ಸದ್ದು ಮಾಡುತ್ತ, ಅಂಥ ಜಾಗದಲ್ಲಿ ನಡೆಯುವುದು ನನಗೆ ಬಹಳ ಕಷ್ಟವಾಯಿತು.

ಆರ್ಗನ್ನು ಮೇಲಟ್ಟದಲ್ಲಿತ್ತು. ನಮ್ಮ ಕಾಲಪೇಟಿಗಿಂತ ಹೆಚ್ಚು ಅಗಲವಿಲ್ಲ, ಮೇಲೆ ಮಾತ್ರ ಸೀಸದ ಬಣ್ಣದ ಕೊಳವೆಗಳ ಸಾಲು. ಅದರ ಬೆನ್ನಿಗೆ ತಿದಿ, ತಿದಿಗೆ ಒಂದು ಉದ್ದ ಹಿಡಿಕೆ. ಅಂದು ಆ ಮುದುಕನೇ ಬಂದು ಹಿಡಿಕೆ ಒತ್ತಿದ.

ಇನಾಸರು ನುಡಿಸಿದ ಚೀಜು, ಎಂದರೆ ಕೃತಿ, ಅಕ್ಬರ ಬಾದಶಹನಿಗಿಂತ ಹಿಂದಿನದಂತೆ. ಸ್ಪೇನ್, ಪೋರ್ತುಗಾಲ ಕಡೆ ಅಂಥದಕ್ಕೆ 'ಡಿಫೆರೆನ್ಸ' ಎನ್ನುತ್ತಾರೆ. ಅರ್ಥವೇನೆಂದು ಕೇಳಿದೆ.

"ಫರಕ," ಎಂದರು ಇನಾಸರು. "ಒಂದು ಹಾಡು. ಮ್ಯಾಲೆ ಮ್ಯಾಲೆ ಫರಕ. ಇದರಾಗ ನಾಕು ಫರಕ ಅದಾವ."

ಮೊದಲು ಹಾಡನ್ನು ಸರಳವಾಗಿ ನುಡಿಸಿದರು. ನಮ್ಮ ಕಿವಿಗೆ ಅದು ಕಾಫಿ ಥಾಟಿನ ಹತ್ತಿರ ಬರುತ್ತಿತ್ತು. ಎರಡು ತುಂಡು; ಮೊದಲನೆಯದು ಷಡ್ಜದಿಂದ ಏರಿ ಪಂಚಮದಲ್ಲಿ ನಿಲ್ಲುತ್ತದೆ, ಎರಡನೆಯದು ಪಂಚಮದಿಂದ ಒಂದೊಂದೇ ಮೆಟ್ಟಿಲು ಇಳಿದು ಷಡ್ಜಕ್ಕೆ ಬರುತ್ತದೆ. ಗುರುಶಾಂತಪ್ಪ ತಲೆದೂಗಿದ. ಆದರೆ ಕೊಟ್ಟ ಕೊನೆಯಲ್ಲಿ ಇನಾಸರು ಕೋಮಲ ಗಾಂಧಾರ ಬಿಟ್ಟು ಶುದ್ಧ ಗಾಂಧಾರ ಒತ್ತಿದರು. ಕೈ ಜಾರಿತೆಂದು ನಾವಿಬ್ಬರೂ ನೆಲ ನೋಡಿದೆವು. ಪ್ರತಿ ಫರಕದ ಕೊನೆಗೂ ಹಾಗೆಯೇ ಮಾಡಿದರು. ಅದು ಅವರ ಪದ್ಧತಿ: ದಾರಿಯೆಲ್ಲ ಗಂಭೀರವಾಗಿ ನಡೆದು, ಮನೆ ಬಾಗಿಲಿಗೆ ಬಂದಾಗ ಒಂದು ಸುರ ಮೇಲೆತ್ತಿ ಬೆಳಕು ಮಾಡುವುದು. ನಮ್ಮಲ್ಲಾದರೆ ರಾಗ ಕೆಟ್ಟಿತೆಂದು ಎದ್ದು ಹೋಗುತ್ತಿದ್ದರು.

ನುಡಿಸಿ ಮುಗಿಸಿ, ಇನಾಸರು ಗುರುಶಾಂತಪ್ಪನನ್ನು ಪಕ್ಕದಲ್ಲಿ ಎಡಕ್ಕೆ ಕೂಡ್ರಿಸಿಕೊಂಡರು. ಮೂರನೆಯ ಫರಕದಲ್ಲಿ ಎಡಗೈ ಒತ್ತಬೇಕಾದ ಸುರಗಳನ್ನು ತೋರಿಸಿದರು. ಒಂದು ಸುರ, ಉದ್ದಕ್ಕೆ ಹಿಡಿದು. ಆಮೇಲೆ ಇನ್ನೊಂದು ಸುರ, ಅದೂ ಉದ್ದಕ್ಕೆ. ಮೇಲೆ ಇನಾಸರ ಎರಡೂ ಕೈ ಜಿಂಕೆಯಂತೆ ಓಡುತ್ತಿದ್ದವು.

ಗುರುಶಾಂತಪ್ಪ ನಡುವೆಯೇ ಕೈ ಎತ್ತಿ ಎದ್ದು ನಿಂತ.

"ಇದು ಸೂರ್ ಪೇಟಿ ಕೆಲಸ," ಎಂದ. ದನಿ ಏರಿರಲಿಲ್ಲ, ಅದೇ ಹೆಚ್ಚು ಕೆಟ್ಟದಾಗಿ ಕೇಳಿಸಿತು. "ಹಾಡು ನೀ ಬಾರಸಾಂವ, ನಾ ಸೂರ್ ಹಿಡಕೊಂಡು ಕುಂದರಾಂವ. ಇದನ್ನ ಮಾಡಸಾಕ ಇಷ್ಟು ದೂರ ಕರಸಿದ್ಯಾ ಇನಾಸ?"

ಸೂರ್ ಪೇಟಿ ಎಂದರೆ ಷಡ್ಜ ಪಂಚಮ ಎರಡನ್ನೇ ಬಿಡದೆ ಊದುವ ಚಿಕ್ಕ ಪೆಟ್ಟಿಗೆ. ನಾಟಕ ಕಂಪನಿಯಲ್ಲಿ ಅದನ್ನು ಹಿಡಿಯುವವನು ಎಲ್ಲರಿಗಿಂತ ಕೆಳಗಿನವನು; ದನಿ ಹೋದವರಿಗೆ, ಪಾತ್ರ ಸಿಗದವರಿಗೆ, ಒಂದು ತುತ್ತು ಅನ್ನ ಸಿಗಲಿ ಎಂದು ಕೊಡುವ ಕೆಲಸ. ಇನಾಸರಿಗೆ ಅದು ಗೊತ್ತಿತ್ತು. ಅವರ ಮುಖ ಇಳಿದುಹೋಯಿತು. ಏನೋ ಹೇಳಹೋದರು, ಅಷ್ಟರಲ್ಲಿ ಗುರುಶಾಂತಪ್ಪ ಗೋಡೆ ಹಿಡಿದು ಮೆಟ್ಟಿಲು ಇಳಿಯುತ್ತಿದ್ದ.

ಸಂಜೆ ಅವನು ಊಟ ಬೇಡವೆಂದ. "ನಾಳಿನ ಗಾಡಿಗೆ ಹೋಗೂಣು," ಎಂದು ಮಾತ್ರ ಹೇಳಿದ. ನೀಲವ್ವನಿಗೆ ಏನು ಹೇಳಲಿ ಎಂದು ನಾನು ವಿಚಾರ ಮಾಡುತ್ತ ಕೂತೆ. ಇಲ್ಲಿಂದ ಹೀಗೆಯೇ ಹಿಂತಿರುಗಿದರೆ ಆ ಜೋಳದ ಚೀಲ ಪೇಟಿಯ ಮೇಲಿಂದ ಇಳಿಯುವುದಿಲ್ಲ ಎಂಬುದು ನನಗೆ ಖಾತ್ರಿಯಿತ್ತು.

ತಿದಿಯ ಹಿಂದೆ

ಬೆಳಿಗ್ಗೆ ನಾನು ರೂಢಿಯಂತೆ ಬೇಗ ಎದ್ದು ಸ್ನಾನ ಮುಗಿಸಿದೆ. ಇನಾಸರು ಇಗರ್ಜಿಗೆ ಹೊರಟವರು ತಿರುಗಿ ಬಂದಿದ್ದರು; ತಿದಿಯ ಮುದುಕ ಮೀನು ತರಲು ಹೋಗಿದ್ದಾನೆ, ಇವತ್ತು ಅಭ್ಯಾಸವಿಲ್ಲ ಎಂದರು. ನಾನು ಒತ್ತುತ್ತೇನೆ ಎಂದೆ. ಒಂದೇ ಸಮನೆ ಒಂದೇ ಕೆಲಸ ಮಾಡುವುದು ನನ್ನ ಹುಟ್ಟುಗುಣ. ಗುರುಶಾಂತಪ್ಪನೂ ಬಂದ. ಗಾಡಿ ಮಧ್ಯಾಹ್ನಕ್ಕಿತ್ತು, ಮನೆಯಲ್ಲಿ ಒಬ್ಬನೇ ಇರಲು ಅವನಿಗೆ ಮುಜುಗರ. ಮೇಲಟ್ಟದ ಬೆಂಚಿನ ಮೇಲೆ, ನಮಗೆ ಬೆನ್ನು ಮಾಡಿ ಕೂತ.

ತಿದಿಯ ಹಿಂದೆ ನಿಂತವನಿಗೆ ಏನೂ ಕಾಣುವುದಿಲ್ಲ. ಗಾಳಿ ಎಷ್ಟಿದೆ ಎಂದು ತೋರಿಸಲು ದಾರಕ್ಕೆ ಕಟ್ಟಿದ ಒಂದು ಸೀಸದ ಗುಂಡು ಇರುತ್ತದೆ, ಅಷ್ಟೇ. ಬಾರಿಸುವವರ ಬೆರಳು ಕಾಣದೆ ಹೋದದ್ದೇ ಒಳ್ಳೆಯದಾಯಿತು. ಬೆರಳು ಕಂಡರೆ ಕಣ್ಣು ಓಡುವ ಬೆರಳಿನ ಹಿಂದೆ ಓಡುತ್ತದೆ, ಕಿವಿಯೂ ಅದರ ಹಿಂದೆ ಹೋಗುತ್ತದೆ.

ಮೊದಲು ಸರಳ ಹಾಡು ಬಂತು. ನಾನು ಒತ್ತುತ್ತಲೇ ಅದನ್ನು ಸರಿಗಮದಲ್ಲಿ ಬಾಯಿಪಾಠ ಮಾಡಿಕೊಂಡೆ. ಮೊದಲನೆಯ ಫರಕದಲ್ಲಿ ಅದೇ ಹಾಡು ಮೇಲುದನಿಯಲ್ಲೇ, ಸ್ವಲ್ಪ ಕುಸುರಿ ಸೇರಿ ಬಂತು. ಎರಡನೆಯದರಲ್ಲಿ ಮೇಲೆ ಬರೀ ಓಟ. ಹಾಡು ಎಲ್ಲಿ ಹೋಯಿತೆಂದು ನಾನು ಬಾಯಿಯಲ್ಲಿ ಗುನುಗುತ್ತ ಹೋದೆ. ನನ್ನ ಗುನುಗಿಗೆ ಯಾರೋ ಜೊತೆಗೂಡಿದ ಹಾಗಾಯಿತು. ನಡುವೆ, ಎಡಗೈಯ ಹೆಬ್ಬೆರಳಿನ ಹತ್ತಿರ ಎಲ್ಲೋ, ಅದೇ ಹಾಡು ಅದೇ ನಡಿಗೆಯಲ್ಲಿ, ಒಂದು ಸುರವೂ ತಪ್ಪದೆ ಸಾಗಿತ್ತು. ಮೂರನೆಯದು ಬಂತು. ಮೇಲಿನ ಎರಡು ದನಿಗಳು, ಒಂದು ಹೇಳಿದ್ದನ್ನು ಇನ್ನೊಂದು ಕೊಂಚ ತಡೆದು ಹೇಳುತ್ತ, ಕೋಲಾಟದವರಂತೆ ಬೆನ್ನಟ್ಟಿಕೊಂಡು ಹೋದವು. ನಾನು ಗುನುಗಿದೆ. ಹಾಡು ಎಲ್ಲಕ್ಕಿಂತ ಕೆಳಗೆ, ದಪ್ಪ ಕೊಳವೆಗಳಲ್ಲಿತ್ತು. ನಾವು ಸೂರ್ ಎಂದುಕೊಂಡದ್ದೇ ಹಾಡು.

ನಾನು ನಿಂತುಬಿಟ್ಟೆ. ಸೀಸದ ಗುಂಡು ಸರ್ರನೆ ಸರಿಯಿತು. ಆರ್ಗನ್ನು ಕೋಣದಂತೆ ನರಳಿ ಸತ್ತಿತು.

"ಹೆಡ್‌ಮಾಸ್ತರ್, ಗಾಳಿ! ಗಾಳಿ ಎಲ್ಲಿ ಹೋತು?" ಎಂದು ಇನಾಸರು ಕೂಗಿದರು.

ಬೆಂಚಿನ ಕಡೆಯಿಂದ ಗುರುಶಾಂತಪ್ಪನ ಮಾತು ಕೇಳಿಸಿತು. "ನಿದ್ದಿ ಹತ್ತಿರಬೇಕು. ಶಾಲ್ಯಾಗೂ ಹಿಂಗ ಮಾಡ್ತಿದ್ನೋ ಏನೋ."

ನಾನು ಈಚೆ ಬಂದು ಇನಾಸರಿಗೆ ಹೇಳಿದೆ: "ಮೂರನೇ ಫರಕದೊಳಗ ಎಡಗೈ ಬಿಟ್ಟು, ಮ್ಯಾಲಿಂದಷ್ಟ ಬಾರಸ್ರಿ." ಅವರು ಯಾಕೆಂದು ಕೇಳದೆ ಒಪ್ಪಿದರು. ಹಿಂದಕ್ಕೆ ಹೋಗಿ ಗಾಳಿ ತುಂಬಿದೆ. ಮೇಲಿನ ಎರಡು ದನಿಗಳು ಓಡಿದವು, ಕೂಗಾಡಿದವು, ಬೆನ್ನಟ್ಟಿದವು. ಚೆಂದವೇ ಇತ್ತು, ಆದರೆ ಮದುವೆ ಮನೆಯಲ್ಲಿ ಮದುಮಗ ಬರುವುದಕ್ಕೆ ಮುಂಚಿನ ಗದ್ದಲದ ಹಾಗೆ.

ಬೆಂಚಿನವನಿಗೆ ತಡೆಯಲಾಗಲಿಲ್ಲ. ಎಷ್ಟಾದರೂ ಪೇಟಿಯ ಮಾಸ್ತರ.

"ಏ ಇನಾಸ, ಇದೇನು ಬಾರಸಾಕತ್ತಿ? ಇದರಾಗ ಹಾಡು ಎಲ್ಲಿ ಐತಿ?"

ಇನಾಸರು ನಿಲ್ಲಿಸಿದರು. ನಾನು ಹಿಂದಿನಿಂದಲೇ ಕೂಗಿ ಹೇಳಿದೆ: "ನೀ ನಿನ್ನೆ ಒಲ್ಲೆ ಅಂದು ಎದ್ದು ಹೋದ್ಯಲ್ಲಾ, ಅದರಾಗ ಐತಿ."

ಕೆಳಗೆ ಯಾರೋ ಹೆಂಗಸು ಪ್ರಾರ್ಥನೆ ಮುಗಿಸಿ, ಕುರ್ಚಿ ಸರಿಸಿ ಹೊರಗೆ ಹೋದ ಸದ್ದಾಯಿತು. ಆಮೇಲೆ ಗುರುಶಾಂತಪ್ಪ ಅಂದ, "ಹಾಡಿ ತೋರಸು."

ನನ್ನ ದನಿ ಪಾಠ ಹೇಳಲಿಕ್ಕೆ ಮಾತ್ರ ಯೋಗ್ಯವಾದದ್ದು. ಆದರೂ ತಿದಿ ಒತ್ತುತ್ತ, ಸರಿಗಮ ಹೇಳುತ್ತ, ನಾಲ್ಕೂ ಫರಕಕ್ಕೆ ಅದೇ ಹಾಡನ್ನು ಹಾಡಿದೆ. ಇನಾಸರು ಎರಡೂ ಕೈಯಿಂದ ಪೂರಾ ನುಡಿಸಿದರು. ಎಲ್ಲೂ ಅದು ನನ್ನನ್ನು ಬಿಟ್ಟು ಹೋಗಲಿಲ್ಲ. ನಮ್ಮ ಗಾಯನದಲ್ಲಿ ಹಾಡುವವನು ಹಾಡನ್ನೇ ತಿರುವಿ ಮುರುವಿ ಹೊಸದು ಮಾಡುತ್ತಾನೆ. ಇವರಲ್ಲಿ ಹಾಡು ಅಲುಗುವುದಿಲ್ಲ. ಅದರ ಸುತ್ತಲಿನದು ಬದಲಾಗುತ್ತದೆ. ಕೂಡುವ ಜಾಗ ಮಾತ್ರ ಬದಲು: ಒಮ್ಮೆ ಮೇಲೆ, ಒಮ್ಮೆ ನಡುವೆ, ಒಮ್ಮೆ ಬುಡದಲ್ಲಿ. ಬುಡಕ್ಕೆ ಬಂದಾಗ ಅದು ಕಿರಿದಾಗುವುದಿಲ್ಲ.

ಇನಾಸರು ತಿರುಗಿ ಕೂತು ಮೆಲ್ಲಗೆ ಹೇಳಿದರು: "ಪೇಟಿ ಮಾಸ್ತರ್, ನಮ್ಮ ಕಡೆ ನಡು ದನಿಗೆ ಟೆನೋರ್ ಅಂತೇವಿ. ಹಿಡಿಯಾಂವ ಅಂತ ಅರ್ಥ. ಸೂರ್ ಹಿಡಿಯಾಂವ ಅಲ್ರಿ, ಹಾಡು ಹಿಡಿಯಾಂವ. ಕೆಳಗಿನ ದನಿಗೆ ಹಾಡು ಬಂದಾಗ ಅದೂ ಹಂಗ. ಅಂವ ಬಿಟ್ಟಾ ಅಂದ್ರ ನಾ ಎಲ್ಲೆರ ಹೋಗಿಬಿಡ್ತೇನಿ. ಇದನ್ನ ನಿನ್ನೆ ಮೊದಲ ಹೇಳಬೇಕಿತ್ತು. ನಿಮಗ ಗೊತ್ತಾಗ್ತದ ಅಂತ ತಿಳಕೊಂಡೆ."

ಗುರುಶಾಂತಪ್ಪ ಎದ್ದು ಬಂದ. ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡು, ಶಲ್ಯದಿಂದ ಮುಚ್ಚದೆ, ಇನಾಸರ ಎಡಕ್ಕೆ ಕೂತ.

ಮೂರನೆಯ ಫರಕ

ಮೊದಲ ಸಲ ಕೆಟ್ಟಿತು. ಅವನ ಬೆರಳಿಗೆ ಸುರವನ್ನು ಬಡಿದು ಬಡಿದು ಎತ್ತುವ ಚಾಳಿ; ಇಲ್ಲಿ ಒಂದು ಸುರ ಮುಗಿಯುವವರೆಗೆ ಬಿಡಬಾರದು, ಬಿಟ್ಟ ಕ್ಷಣವೇ ಇನ್ನೊಂದು ಬರಬೇಕು. ಅದಕ್ಕಿಂತ ದೊಡ್ಡ ತೊಂದರೆ ಕಾಲಿನದು. ಕಾಲಪೇಟಿಯ ರೂಢಿಗೆ ಅವನ ಎರಡೂ ಪಾದ ಬರೀ ಹಲಗೆಯನ್ನು ಒಂದಾದ ಮೇಲೊಂದು ತುಳಿಯುತ್ತಿದ್ದವು. ಗಾಳಿ ತುಂಬುವವನು ನಾನು, ತುಳಿಯುವವನು ಅವನು. ಹಲಗೆಯ ದಡಬಡ ಸದ್ದಿಗೆ ಇನಾಸರ ಲಯ ತಪ್ಪಿತು.

"ಕಾಲು ಸುಮ್ಮನಿಡೋ ಮಾರಾಯಾ," ಎಂದೆ.

"ನಾ ಎಲ್ಲಿ ಅಲಗಸಾಕತ್ತೇನಿ? ಅವು ತಾವ ಹೊಂಟಾವ," ಎಂದ.

ಚಪ್ಪಲಿ ಬಿಚ್ಚಿ ಕಾಲನ್ನು ಬೆಂಚಿನ ಕೆಳಗೆ ಹಿಂದಕ್ಕೆ ಮಡಚಿಕೊಂಡ. ಆ ಬರಿಗಾಲಿಗೆ ಮೇಲಟ್ಟದ ಗೋಡೆಯ ಮೇಲಿನ ದೇವದೂತರು ಸಿಟ್ಟಾಗಲಿಲ್ಲವೆಂದು ತಿಳಿಯುತ್ತೇನೆ. ಮತ್ತೆ ಶುರು ಮಾಡಿದರು.

ನಾನು ಹಿಂದೆ ನಿಂತು ಗುಂಡಿನ ಮೇಲೆ ಕಣ್ಣಿಟ್ಟೆ. ಕಣ್ಣು ಮಂಜಾದರೂ ಕೈ ನಿಲ್ಲಿಸಲಿಲ್ಲ. ಕೆಳಗಿನಿಂದ ಹಾಡು ಎದ್ದಿತು. ಇನಾಸರು ನುಡಿಸಿದಾಗ ಅದು ನಯವಾಗಿತ್ತು; ಇವನು ನುಡಿಸಿದಾಗ ಒಂದೊಂದು ಸುರದ ಮೇಲೂ ಭಾರ ಬಿದ್ದಿತ್ತು. ಷಡ್ಜದಿಂದ ಏರಿತು. ಪಂಚಮದಲ್ಲಿ ನಿಂತಿತು. ಮೇಲಿನ ದನಿಗಳು ಅದರ ಮೈಮೇಲೆ ಆಡಿ ಹೋದವು, ಅದು ಕಾಯಿತು. ಇಳಿಯಲು ಶುರುವಾದಾಗ ಎಲ್ಲಾದರೂ ತಪ್ಪಿಯಾನೆಂದು ನಾನು ಒಂದೊಂದೇ ಸುರ ಎಣಿಸುತ್ತ ಹೋದೆ. ತಪ್ಪಲಿಲ್ಲ. ಕೊನೆಯ ಷಡ್ಜವನ್ನು ಇನಾಸರು ಕೈ ತೆಗೆದ ಮೇಲೂ ಹಿಡಿದೇ ಇದ್ದ. ಇಡೀ ಇಗರ್ಜಿಯಲ್ಲಿ ಅದೊಂದೇ ಸುರ ಇತ್ತು. ನಾನು ಗಾಳಿ ಕೊಡುತ್ತಲೇ ಹೋದೆ.

ಅವನು ಬಿಟ್ಟ. ನಾನು ಹಿಡಿಕೆ ಬಿಟ್ಟು, ಮೂಲೆಯಿಂದ ಇಣುಕಿ ನೋಡಿದೆ. ಇನಾಸರು ಜೇಬಿನಿಂದ ಚೌಕ ತೆಗೆದು ಮುಖ ಒರೆಸಿಕೊಳ್ಳುತ್ತಿದ್ದರು. ಅವರು ಇನ್ನೇನೋ ಒಳ್ಳೆಯ ಮಾತು ಹೇಳಬೇಕೆಂದು ಬಾಯಿ ತೆರೆದರು. ಗುರುಶಾಂತಪ್ಪ ಅದಕ್ಕೆ ಅವಕಾಶ ಕೊಡಲಿಲ್ಲ. ಕಂಪನಿಯಲ್ಲಿ ತಾಲೀಮು ಮಾಡಿಸುತ್ತಿದ್ದಾಗಿನ ದನಿಯಲ್ಲಿ ಅಂದ:

"ಇನ್ನೊಮ್ಮೆ ಆಗ್ಲಿ. ಮ್ಯಾಲೆ ನಿಂದು ಭಾಳ ಗದ್ದಲ ಆತು ಇನಾಸ. ಸಣ್ಣಗ ಬಾರಸು. ನಂದು ಕೇಳ್ಲಿ."

ಆ ಆರ್ಗನ್ನಿನಲ್ಲಿ ದನಿ ಏರಿಸಲು, ತಗ್ಗಿಸಲು ಬಲಗಡೆಯ ಮನೆಗಳಿಗೆ ಬೇರೆ ಗುಂಡಿ, ಎಡಗಡೆಯವಕ್ಕೆ ಬೇರೆ. ಇನಾಸರು ಬಲಗಡೆಯ ಒಂದು ಗುಂಡಿಯನ್ನು ಒಳಕ್ಕೆ ತಳ್ಳಿ, ತಲೆ ಬಗ್ಗಿಸಿ, ಅವನು ಶುರು ಮಾಡಲೆಂದು ಕಾಯುತ್ತ ಕೂತರು.